ದಾರಿ ಹಿಡಿದ ರಾಜಧಾನಿ: ರೋಮನ್ ಚಕ್ರವರ್ತಿಗಳ ಪ್ರಯಾಣ ಮತ್ತು ಅವರು ನೆಲೆಸಿದ ಊರುಗಳು

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸಭಿಕರೇ,

ರೋಮನ್ ಚಕ್ರವರ್ತಿಗಳ ಆಜ್ಞೆಗಳನ್ನು ಓದುವವರು ಸಾಮಾನ್ಯವಾಗಿ ಕೊನೆಯ ಸಾಲನ್ನು ಬಿಟ್ಟುಬಿಡುತ್ತಾರೆ. ಕ್ರಿ.ಶ. 438ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ (ಇಂದಿನ ಇಸ್ತಾಂಬುಲ್) ಪ್ರಕಟವಾದ ಎರಡನೆಯ ಥಿಯೊಡೋಸಿಯಸನ ಕಾನೂನು ಸಂಹಿತೆಯಲ್ಲಿ ಮೊದಲನೆಯ ಕಾನ್‌ಸ್ಟಂಟೈನನ ಕಾಲದಿಂದ ಹಿಡಿದು ಸುಮಾರು ಒಂದೂಕಾಲು ಶತಮಾನದ ರಾಜಾಜ್ಞೆಗಳನ್ನು ವಿಷಯಕ್ಕೆ ತಕ್ಕಂತೆ ಜೋಡಿಸಿಟ್ಟಿದ್ದಾರೆ. ಅವುಗಳಲ್ಲಿ ಹೆಚ್ಚಿನವುಗಳ ಅಡಿಯಲ್ಲಿ ಆಜ್ಞೆ ಹೊರಟ ದಿನ, ಆ ವರ್ಷದ ಕಾನ್ಸಲರ (ವರ್ಷಕ್ಕೊಮ್ಮೆ ನೇಮಕವಾಗುತ್ತಿದ್ದ ಉನ್ನತ ಪದಾಧಿಕಾರಿಗಳ) ಹೆಸರು, ಅದು ಹೊರಟ ಊರು, ಕೆಲವು ಕಡೆ ಅದು ಕೈಸೇರಿದ ಊರು ಕೂಡ ದಾಖಲಾಗಿವೆ. ಈ ಕೊನೆಯ ಸಾಲುಗಳನ್ನಷ್ಟೇ ಎತ್ತಿಕೊಂಡು ಕಾಲಾನುಕ್ರಮದಲ್ಲಿ ಇಟ್ಟರೆ ಚಕ್ರವರ್ತಿಗಳ ದಿನಚರಿಯೇ ಸಿದ್ಧವಾಗುತ್ತದೆ: ಟ್ರಿಯರ್ (ಇಂದಿನ ಜರ್ಮನಿ), ಮಿಲಾನ್ (ಇಟಲಿ), ಸಿರ್ಮಿಯಮ್ (ಸರ್ಬಿಯ), ಸೆರ್ಡಿಕ (ಬಲ್ಗೇರಿಯದ ಸೋಫಿಯ), ಆಂಟಿಯೋಕ್ (ತುರ್ಕಿ). ರೋಮ್ ನಗರದ ಹೆಸರು ಅಲ್ಲಿ ಬರುವುದು ಅಪರೂಪ. ರೋಮನ್ ಸಾಮ್ರಾಜ್ಯವನ್ನು ಆಳಿದವರು ರೋಮಿನಲ್ಲಿರಲಿಲ್ಲ ಎಂಬ ಈ ಸಂಗತಿ ನಮ್ಮ ಶಾಲಾ ಪಠ್ಯಗಳಲ್ಲಿ '330ರಲ್ಲಿ ರಾಜಧಾನಿಯನ್ನು ಕಾನ್‌ಸ್ಟಾಂಟಿನೋಪಲಿಗೆ ವರ್ಗಾಯಿಸಲಾಯಿತು' ಎಂಬ ಒಂದೇ ವಾಕ್ಯಕ್ಕೆ ಇಳಿದಿದೆ. ಆ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಚಕ್ರವರ್ತಿಗಳು ದಾರಿಯ ಮೇಲಿದ್ದಷ್ಟು ಕಾಲ ರಾಜಧಾನಿಯೂ ದಾರಿಯ ಮೇಲಿತ್ತು, ಅವರು ಪ್ರಯಾಣವನ್ನು ನಿಲ್ಲಿಸಿದ ಮೇಲೆಯೇ ಅದು ಒಂದೆಡೆ ನೆಲೆಯೂರಿತು ಎಂಬುದು ನನ್ನ ವಾದ.

ಮೊದಲಿಗೆ ದಾರಿಯ ವಿಚಾರ. ಕ್ರಿ.ಪೂ. 312ರಲ್ಲಿ ಆಪ್ಪಿಯಸ್ ಕ್ಲಾಡಿಯಸ್ ರೋಮಿನಿಂದ ಕಾಪುವಾಕ್ಕೆ ಹಾಕಿಸಲು ತೊಡಗಿದ ರಸ್ತೆಯಿಂದ ಆರಂಭವಾದ ಜಾಲವು ಸೈನ್ಯಕ್ಕಾಗಿ ಹುಟ್ಟಿದ್ದು. ಅದರ ಮೇಲೆ ಸರ್ಕಾರಿ ಸಾರಿಗೆಯನ್ನು ಓಡಿಸಿದವನು ಮೊದಲ ಚಕ್ರವರ್ತಿ ಆಗಸ್ಟಸ್. ಮೊದಮೊದಲು ರಸ್ತೆಯುದ್ದಕ್ಕೂ ಅಲ್ಲಲ್ಲಿ ಯುವಕರನ್ನು ನಿಲ್ಲಿಸಿ ಕಾಗದವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅನಂತರ ಒಬ್ಬನೇ ದೂತನು ಗಾಡಿ ಮತ್ತು ಪ್ರಾಣಿಗಳನ್ನು ಬದಲಿಸುತ್ತ ಕೊನೆಯವರೆಗೆ ಹೋಗುವ ಪದ್ಧತಿ ಬಂತು, ಏಕೆಂದರೆ ಸುದ್ದಿ ತಂದವನನ್ನೇ ನಿಲ್ಲಿಸಿ ಪ್ರಶ್ನೆ ಕೇಳುವ ಅನುಕೂಲ ಅದರಲ್ಲಿತ್ತು. ಈ ವ್ಯವಸ್ಥೆ ಸಾರ್ವಜನಿಕರಿಗೆ ತೆರೆದಿರಲಿಲ್ಲ. ರಾಜಮುದ್ರೆಯಿದ್ದ ರಹದಾರಿ ಕೈಯಲ್ಲಿದ್ದವನಿಗೆ ಮಾತ್ರ ಠಾಣೆಯಲ್ಲಿ ಪ್ರಾಣಿ ಸಿಗುತ್ತಿತ್ತು. ಬಿಥೀನಿಯದ ರಾಜ್ಯಪಾಲನಾಗಿದ್ದ ಕಿರಿಯ ಪ್ಲಿನಿ, ಅಜ್ಜನ ಸಾವಿನ ಸುದ್ದಿ ಕೇಳಿ ಹೊರಟ ತನ್ನ ಹೆಂಡತಿಗೆ ಒಂದು ರಹದಾರಿಯನ್ನು ಕೊಟ್ಟುದಕ್ಕೆ ಚಕ್ರವರ್ತಿ ಟ್ರೇಜನನಿಗೆ ಸಮಜಾಯಿಷಿ ಬರೆದುಕೊಂಡಿದ್ದಾನೆ. ಮುಂದೆ ಚಕ್ರವರ್ತಿಯಾದ ಪರ್ಟಿನಾಕ್ಸನು ಸಿರಿಯದಲ್ಲಿ ಚಿಕ್ಕ ಅಧಿಕಾರಿಯಾಗಿದ್ದಾಗ ರಹದಾರಿಯಿಲ್ಲದೆ ಈ ಸಾರಿಗೆಯನ್ನು ಬಳಸಿದ್ದಕ್ಕೆ ಆಂಟಿಯೋಕಿನಿಂದ ತನ್ನ ಠಾಣ್ಯದವರೆಗೆ ನಡೆದೇ ಹೋಗಬೇಕಾಯಿತೆಂಬ ಕಥೆಯೂ ಇದೆ.

ಸಂಹಿತೆಯಲ್ಲಿ ಈ ಅಂಚೆ-ಸಾರಿಗೆಯ ಕುರಿತೇ ಅರವತ್ತಕ್ಕೂ ಹೆಚ್ಚು ಆಜ್ಞೆಗಳಿವೆ. 357ರ ಒಂದು ಆಜ್ಞೆಯ ಪ್ರಕಾರ ನಾಲ್ಕು ಗಾಲಿಯ ಗಾಡಿಗೆ 1,000 ಪೌಂಡು, ಎರಡು ಗಾಲಿಯದಕ್ಕೆ 200, ಒಂಟಿ ಕುದುರೆಯ ಬೆನ್ನಿಗೆ 30 ಪೌಂಡು ಮಾತ್ರ ಹೊರೆ ಹಾಕಬಹುದು. ದೊಡ್ಡ ಗಾಡಿಗೆ ಬೇಸಿಗೆಯಲ್ಲಿ ಎಂಟು, ಚಳಿಗಾಲದಲ್ಲಿ ಹತ್ತು ಹೇಸರಗತ್ತೆಗಳನ್ನು ಹೂಡಬೇಕು. ರೋಮನ್ ಪೌಂಡು ನಮ್ಮ ಲೆಕ್ಕದಲ್ಲಿ ಸುಮಾರು 327 ಗ್ರಾಮ್. ಅಂದರೆ ಮುನ್ನೂರ ಚಿಲ್ಲರೆ ಕಿಲೋ ಹೊರೆಗೆ ಎಂಟು ಪ್ರಾಣಿಗಳು. ಪ್ರಾಣಿಗಳ ಪರವಾಗಿ ಇಷ್ಟು ಉದಾರವಾದ ಮಿತಿಯನ್ನು ಕಾಗದದ ಮೇಲೆ ಹಾಕಬೇಕಾಗಿ ಬಂದದ್ದೇ ನಿಜವಾದ ಬಳಕೆ ಹೇಗಿತ್ತೆಂಬುದನ್ನು ಸೂಚಿಸುತ್ತದೆ. ಗಂಟುಗಂಟಾದ ದೊಣ್ಣೆಗಳಿಂದ ಪ್ರಾಣಿಗಳನ್ನು ಬಡಿಯಬಾರದೆಂದು ಕಾನ್‌ಸ್ಟಂಟೈನನೂ ಆಜ್ಞೆ ಹೊರಡಿಸಿದ್ದ. ಹೇಸರಗತ್ತೆ, ಮೇವು, ಆಳು ಎಲ್ಲವನ್ನೂ ಒದಗಿಸುವ ಹೊಣೆ ದಾರಿಬದಿಯ ಊರಿನವರ ಮೇಲಿತ್ತು.

ಈ ದಾರಿಗಳ ಮೇಲೆ ಚಕ್ರವರ್ತಿಯೇ ಹೊರಟಾಗ ಏನಾಗುತ್ತಿತ್ತು? ಮೊದಲ ಎರಡು ಶತಮಾನಗಳಲ್ಲಿ ಅವನು ರೋಮಿನಲ್ಲಿರುವುದು ವಾಡಿಕೆ, ಹೊರಗಿರುವುದು ವಿಶೇಷ. ವಾಡಿಕೆಯನ್ನು ಮೊದಲು ಮುರಿದವನು ಆಗಸ್ಟಸನ ಉತ್ತರಾಧಿಕಾರಿ ತಿಬೇರಿಯಸ್. ಕ್ರಿ.ಶ. 26ರಲ್ಲಿ ರೋಮನ್ನು ಬಿಟ್ಟು ಕಾಪ್ರಿ ದ್ವೀಪದಲ್ಲಿ ನೆಲೆಸಿದ ಅವನು 37ರಲ್ಲಿ ಸಾಯುವವರೆಗೆ ನಗರದೊಳಗೆ ಮತ್ತೆ ಕಾಲಿಡಲಿಲ್ಲ. 31ರಲ್ಲಿ ಅವನ ಬಲಗೈಯಂತಿದ್ದ ಸೆಜಾನಸನನ್ನು ಉರುಳಿಸಿದ್ದು ಕಾಪ್ರಿಯಿಂದ ಬಂದು ರೋಮಿನ ಹಿರಿಯರ ಸಭೆಯಾದ ಸೆನೆಟಿನಲ್ಲಿ ಓದಲ್ಪಟ್ಟ ಒಂದು ಉದ್ದನೆಯ ಪತ್ರ. ರೋಮಿಗೇ ಮುಖ ತೋರಿಸದ ಈ ಅರಸನ ಮುಖವಿರುವ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತಿದೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಹೇಡ್ರಿಯನ್ (117–138) ತನ್ನ ಆಳ್ವಿಕೆಯ ಅರ್ಧದಷ್ಟು ಕಾಲವನ್ನು ಪ್ರಾಂತಗಳಲ್ಲಿ ಕಳೆದ. ಅವನು ಪ್ರಯಾಣದಲ್ಲಿದ್ದಾಗ ಒಬ್ಬ ಹೆಂಗಸು ದಾರಿಯಲ್ಲಿ ಅಹವಾಲು ಹೇಳಿಕೊಳ್ಳಲು ಬಂದಳಂತೆ. 'ನನಗೆ ಸಮಯವಿಲ್ಲ' ಎಂದ ಅವನಿಗೆ ಅವಳು 'ಹಾಗಾದರೆ ಅರಸನಾಗಿರಬೇಡ' ಎಂದು ಕೂಗಿದಾಗ ಅವನು ತಿರುಗಿ ನಿಂತು ಅವಳ ಮಾತನ್ನು ಕೇಳಿದನೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆಯುತ್ತಾನೆ. ನ್ಯಾಯ, ಬಿನ್ನಹ, ನೇಮಕ ಎಲ್ಲವೂ ಅರಸನ ದೇಹಕ್ಕೆ ಅಂಟಿಕೊಂಡಿದ್ದ ವ್ಯವಸ್ಥೆ ಅದು. ಅರಸ ಎಲ್ಲಿರುತ್ತಾನೋ ಅಲ್ಲಿಗೆ ಊರೂರಿನ ನಿಯೋಗಗಳು ಧಾವಿಸುತ್ತಿದ್ದವು. ಇದೇ ಡಿಯೊ, ತಾನು ಕಣ್ಣಾರೆ ಕಂಡ ಚಕ್ರವರ್ತಿ ಕಾರಕಲ್ಲನ ಪ್ರಯಾಣಗಳ ಬಗ್ಗೆ ಬರೆಯುವಾಗ ಮಾತ್ರ ಸಿಟ್ಟಾಗುತ್ತಾನೆ: ಸೆನೆಟಿನ ಸದಸ್ಯರಾದ ನಾವು ನಮ್ಮ ಸ್ವಂತ ಖರ್ಚಿನಲ್ಲಿ ದಾರಿಯುದ್ದಕ್ಕೂ ಬಿಡಾರಗಳನ್ನು ಕಟ್ಟಿಸಬೇಕಾಯಿತು, ಅವನು ಅವುಗಳಲ್ಲಿ ಉಳಿದುಕೊಳ್ಳಲಿಲ್ಲ, ಕೆಲವನ್ನು ನೋಡಲೂ ಇಲ್ಲ, ಚಳಿಗಾಲ ಕಳೆಯಬಹುದೆಂದು ಅವನು ಅಂದುಕೊಂಡ ಊರುಗಳಲ್ಲೆಲ್ಲ ರಂಗಮಂಟಪ, ರಥದ ಓಟದ ಮೈದಾನಗಳನ್ನು ಎಬ್ಬಿಸಿದೆವು. ಮುಂದಿನ ರಾಜಧಾನಿಗಳ ಬೀಜ ಈ ದೂರಿನಲ್ಲೇ ಇದೆಯೆಂದು ನನಗೆ ಅನಿಸುತ್ತದೆ. ಮೊಕ್ಕಾಂ ಹೂಡುವ ಊರಿಗೂ ಅರಮನೆ, ಮೈದಾನ ಬೇಕೆಂಬ ನಿರೀಕ್ಷೆ ಅಷ್ಟರಲ್ಲೇ ಹುಟ್ಟಿಕೊಂಡಿತ್ತು.

ಚಕ್ರವರ್ತಿ ನೀರೋ ಸತ್ತ ಮೇಲಿನ ಕಲಹವನ್ನು ವಿವರಿಸುತ್ತ ಇತಿಹಾಸಕಾರ ಟಾಸಿಟಸ್, ಚಕ್ರವರ್ತಿಯನ್ನು ರೋಮಿನಾಚೆಯೂ ಸೃಷ್ಟಿಸಬಹುದೆಂಬ ಗುಟ್ಟು ಆಗ ರಟ್ಟಾಯಿತು ಎಂದಿದ್ದ. 180ರಲ್ಲಿ ಡ್ಯಾನ್ಯೂಬ್ ದಂಡೆಯ ಶಿಬಿರದಿಂದ ರೋಮಿನ ಸುಖಕ್ಕೆ ಮರಳಲು ತವಕಿಸುತ್ತಿದ್ದ ಹೊಸ ಚಕ್ರವರ್ತಿ ಕೊಮೊಡಸನಿಗೆ ಅವನ ಭಾವ ಪೊಂಪೆಯಾನಸ್ 'ಚಕ್ರವರ್ತಿ ಎಲ್ಲಿರುವನೋ ಅಲ್ಲೇ ರೋಮ್' ಎಂದು ಹೇಳಿದನೆಂದು ಇತಿಹಾಸಕಾರ ಹೆರೋಡಿಯನ್ ದಾಖಲಿಸಿದ್ದಾನೆ. ಕೊಮೊಡಸ್ ಆ ಮಾತನ್ನು ಕೇಳಲಿಲ್ಲ. ಆದರೆ ಮೂರನೆಯ ಶತಮಾನ ಅವನ ನಂತರದವರಿಗೆ ಆಯ್ಕೆಯನ್ನೇ ಉಳಿಸಲಿಲ್ಲ. ರೈನ್, ಡ್ಯಾನ್ಯೂಬ್ ನದಿಗಳ ಗಡಿಯಲ್ಲಿ ಜರ್ಮನಿಕ್ ಬುಡಕಟ್ಟುಗಳು, ಪೂರ್ವದಲ್ಲಿ ಪರ್ಷಿಯದ ಸಸಾನಿಯನ್ನರು ಏಕಕಾಲಕ್ಕೆ ಒತ್ತತೊಡಗಿದಾಗ ಇಟಲಿಯ ಮಧ್ಯದಲ್ಲಿ, ಆಲ್ಪ್ಸ್ ಪರ್ವತಗಳಿಂದ ಬಹುದೂರ ದಕ್ಷಿಣಕ್ಕಿದ್ದ ರೋಮ್ ಎಲ್ಲ ಗಡಿಗಳಿಂದಲೂ ಆಚೆ ಬಿತ್ತು. ಸೈನ್ಯದ ಬಳಿ ಚಕ್ರವರ್ತಿ ಇಲ್ಲದಿದ್ದರೆ ಸೈನ್ಯ ತನಗೊಬ್ಬ ಹೊಸ ಚಕ್ರವರ್ತಿಯನ್ನು ಆರಿಸಿಕೊಳ್ಳುತ್ತಿತ್ತು. 235ರಿಂದ 238ರವರೆಗೆ ಆಳಿದ ಮ್ಯಾಕ್ಸಿಮಿನಸ್ ಥ್ರಾಕ್ಸ್ ಚಕ್ರವರ್ತಿಯಾಗಿ ರೋಮಿಗೆ ಕಾಲಿಡದೆಯೇ ಸತ್ತ.

ಡಯೋಕ್ಲೀಶಿಯನ್ 293ರಲ್ಲಿ ಅಧಿಕಾರವನ್ನು ನಾಲ್ವರಲ್ಲಿ ಹಂಚಿದಾಗ ಈ ಅನಿವಾರ್ಯತೆಗೆ ಒಂದು ರೂಪ ಬಂತು. ತಾನು ಮುಖ್ಯವಾಗಿ ಮರ್ಮರ ಸಮುದ್ರದ ನಿಕೊಮೀಡಿಯದಲ್ಲಿ, ಮ್ಯಾಕ್ಸಿಮಿಯನ್ ಆಲ್ಪ್ಸ್ ಕಣಿವೆಗಳ ಬಾಯಲ್ಲಿದ್ದ ಮಿಲಾನಿನಲ್ಲಿ, ಕಾನ್‌ಸ್ಟಾಂಟಿಯಸ್ ರೈನ್ ಗಡಿಗೆ ಹತ್ತಿರದ ಟ್ರಿಯರ್‌ನಲ್ಲಿ, ಗಲೇರಿಯಸ್ ಸಿರ್ಮಿಯಮ್‌ನಲ್ಲಿ, ಮುಂದೆ ಥೆಸಲೊನಿಕದಲ್ಲಿ. ಇವನ್ನು ನಾಲ್ಕು ರಾಜಧಾನಿಗಳೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಯಾರೂ ಒಂದೆಡೆ ಕೂತಿರಲಿಲ್ಲ. ಡಯೋಕ್ಲೀಶಿಯನ್ 298ರಲ್ಲಿ ಈಜಿಪ್ಟಿನ ಮೇಲ್ಭಾಗಕ್ಕೆ ಬರುತ್ತಾನೆಂಬ ಸುದ್ದಿ ಹಬ್ಬಿದಾಗ ಪನೋಪೊಲಿಸ್ ಎಂಬ ಊರಿನ ಅಧಿಕಾರಿ ಬರೆದ ಪತ್ರಗಳ ಸುರುಳಿ ಇಂದು ಡಬ್ಲಿನ್‌ನಲ್ಲಿದೆ. ಅರಸನ ಪಡೆಗೆ ರೊಟ್ಟಿ ಸುಡಲು ಹಳೆಯ ಭಟ್ಟಿಮನೆಯನ್ನು ದುರಸ್ತಿ ಮಾಡಿಸಬೇಕು, ರೊಟ್ಟಿ ಸುಡುವವರನ್ನು ಹುಡುಕಬೇಕು, ಬೇಳೆ, ಮಾಂಸ, ಹೊಟ್ಟು, ಸೌದೆಗಳ ಸರಬರಾಜಿಗೆ ಒಬ್ಬೊಬ್ಬ ಹೊಣೆಗಾರನನ್ನು ನೇಮಿಸಬೇಕು. ನಗರಸಭೆಯ ಅಧ್ಯಕ್ಷ ಇಂದು ನಾಳೆ ಎಂದು ತಳ್ಳುತ್ತಿದ್ದಾನೆ. ಅಧಿಕಾರಿ ಮತ್ತೆ ಮತ್ತೆ ಬರೆಯುತ್ತಾನೆ. ರಾಜಸವಾರಿಯ ಭಾರ ತಳದಲ್ಲಿರುವವನಿಗೆ ಹೇಗೆ ತಟ್ಟುತ್ತಿತ್ತೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಅರಸರು ಪದೇಪದೇ ತಂಗಿದ ಊರುಗಳು ಹೇಗೆ ಬೆಳೆದವು? ರೋಮಿನಲ್ಲಿ ಪ್ಯಾಲಟೈನ್ ಗುಡ್ಡದ ಅರಮನೆಯ ಕೆಳಗೇ ರಥದ ಓಟದ ಮಹಾಮೈದಾನವಿತ್ತು. ನಿಕೊಮೀಡಿಯ, ಮಿಲಾನ್, ಟ್ರಿಯರ್, ಸಿರ್ಮಿಯಮ್, ಥೆಸಲೊನಿಕಗಳಲ್ಲಿಯೂ ಅದೇ ಜೋಡಿ ಎದ್ದಿತು: ಅರಮನೆ, ಅದರ ಜೊತೆಗೆ ಓಟದ ಮೈದಾನ, ಚಕ್ರವರ್ತಿ ಪ್ರಜೆಗಳಿಗೆ ದರ್ಶನ ಕೊಡಲು ಒಂದು ಕಟ್ಟೆ. ಟ್ರಿಯರ್‌ನ ಸಭಾಮಂದಿರ, 67 ಮೀಟರ್ ಉದ್ದದ್ದು, ಇಂದಿಗೂ ನಿಂತಿದೆ, ಈಗ ಅದು ಚರ್ಚು. ನಿಕೊಮೀಡಿಯದಲ್ಲಿ ಏನೇನಾಯಿತೆಂದು ಲೇಖಕ ಲ್ಯಾಕ್ಟಾಂಟಿಯಸ್ ಹಲ್ಲು ಕಚ್ಚಿ ಬರೆಯುತ್ತಾನೆ: ಇಲ್ಲೊಂದು ಸಭಾಂಗಣ, ಅಲ್ಲೊಂದು ಮೈದಾನ, ಟಂಕಸಾಲೆ, ಆಯುಧ ಕಾರ್ಖಾನೆ, ಹೆಂಡತಿಗೊಂದು ಮನೆ, ಮಗಳಿಗೊಂದು ಮನೆ, ಮುಗಿದದ್ದು ಸರಿಯಾಗಲಿಲ್ಲವೆಂದು ಕೆಡವಿ ಮತ್ತೆ ಕಟ್ಟಿಸುವುದು, ಆ ಊರನ್ನು ರೋಮಿಗೆ ಸರಿಗಟ್ಟಿಸುವ ಹುಚ್ಚು. ಕ್ರೈಸ್ತನಾದ ಈತನಿಗೆ ತನ್ನವರನ್ನು ಹಿಂಸಿಸಿದ ಡಯೋಕ್ಲೀಶಿಯನನ ಮೇಲೆ ದ್ವೇಷವಿತ್ತು, ಆದ್ದರಿಂದ ದನಿಯನ್ನು ತುಸು ತಗ್ಗಿಸಿಯೇ ಕೇಳಬೇಕು. ಆದರೂ ಅವನು ಅಲ್ಲೇ ಇದ್ದು ಕಂಡವನು. ಆಫ್ರಿಕದವನಾದ ಅವನನ್ನು ಲ್ಯಾಟಿನ್ ವಾಕ್ಪಟುತ್ವ ಕಲಿಸಲೆಂದು ಡಯೋಕ್ಲೀಶಿಯನನೇ ನಿಕೊಮೀಡಿಯಕ್ಕೆ ಕರೆಸಿದ್ದ. ಗ್ರೀಕ್ ಮಾತಾಡುವ ಆ ಊರಿನಲ್ಲಿ ಅವನಿಗೆ ಶಿಷ್ಯರೇ ಸಿಗಲಿಲ್ಲವೆಂದು ಕ್ರೈಸ್ತ ವಿದ್ವಾಂಸ ಜೆರೋಮ್ ಹೇಳುತ್ತಾನೆ. ಮುಂದೆ ಮುಪ್ಪಿನಲ್ಲಿ ಅವನು ಸಾಮ್ರಾಜ್ಯದ ಇನ್ನೊಂದು ತುದಿಯ, ಇಂದಿನ ಫ್ರಾನ್ಸಿನ ಕಡೆಯ, ಗಾಲ್‌ನಲ್ಲಿ ಕಾನ್‌ಸ್ಟಂಟೈನನ ಮಗ ಕ್ರಿಸ್ಪಸನಿಗೆ ಪಾಠ ಹೇಳುತ್ತಿದ್ದ.

ರೋಮಿನ ಜೊತೆ ಡಯೋಕ್ಲೀಶಿಯನನ ಸಂಬಂಧ ಹೇಗಿತ್ತೆಂದರೆ, 303ರ ನವೆಂಬರಿನಲ್ಲಿ ಆಳ್ವಿಕೆಯ ಇಪ್ಪತ್ತನೆಯ ವರ್ಷದ ಉತ್ಸವಕ್ಕೆಂದು ಅಲ್ಲಿಗೆ ಹೋದವನು ಆ ನಗರದ ಜನರ ಬಾಯಿಬಡುಕತನವನ್ನು ತಾಳಲಾರದೆ ಜನವರಿ ಒಂದರ ಕಾನ್ಸಲ್ ಪದವಿ ಸ್ವೀಕಾರಕ್ಕೂ ಕಾಯದೆ, ಚಳಿ ಮಳೆಯಲ್ಲೇ ಹೊರಟು, ಆ ವಿಧಿಯನ್ನು ರವೆನ್ನದಲ್ಲಿ ಮುಗಿಸಿದ. ಆ ಪ್ರಯಾಣದಲ್ಲಿ ಹತ್ತಿದ ಕಾಯಿಲೆ ಅವನನ್ನು ಬಹುಕಾಲ ಬಿಡಲಿಲ್ಲ. ಅರಸರಿಲ್ಲದ ರೋಮಿಗೂ ಸಿಟ್ಟಿತ್ತು. ನಗರದ ಮೇಲೆ ತೆರಿಗೆ ಹಾಕುವ ಯತ್ನ ನಡೆದಾಗ 306ರಲ್ಲಿ ಅದು ಮ್ಯಾಕ್ಸೆಂಟಿಯಸನನ್ನು ತನ್ನ ಚಕ್ರವರ್ತಿಯೆಂದು ಘೋಷಿಸಿಕೊಂಡಿತು. 312ರಲ್ಲಿ ಕಾನ್‌ಸ್ಟಾಂಟಿಯಸನ ಮಗ ಕಾನ್‌ಸ್ಟಂಟೈನ್ ಮಿಲ್ವಿಯನ್ ಸೇತುವೆಯ ಬಳಿ ಅವನನ್ನು ಸೋಲಿಸಿ, ರೋಮಿನ ಪ್ರಿಟೋರಿಯನ್ ಕಾವಲು ಪಡೆಯನ್ನು ವಿಸರ್ಜಿಸಿ, ಸ್ವಲ್ಪ ಕಾಲದಲ್ಲೇ ಉತ್ತರಕ್ಕೆ ಹೊರಟುಹೋದ.

ಈಗ 330ಕ್ಕೆ ಬರೋಣ. ಆ ವರ್ಷದ ಮೇ 11ರಂದು ಕಾನ್‌ಸ್ಟಾಂಟಿನೋಪಲಿನ ಪ್ರತಿಷ್ಠಾಪನೆ ನಡೆದದ್ದು ನಿಜ. ಮೂರು ಕಡೆ ನೀರಿದ್ದ ಆ ತಾಣ ಡ್ಯಾನ್ಯೂಬ್ ಗಡಿಗೂ ಪರ್ಷಿಯದ ಗಡಿಗೂ ಹೋಗುವ ಹೆದ್ದಾರಿಯ ಮೇಲಿತ್ತು. ಗ್ರೀಸಿನ ಡೆಲ್ಫಿಯಿಂದ ತಂದ ಸರ್ಪಸ್ತಂಭವನ್ನು ಓಟದ ಮೈದಾನದಲ್ಲಿ ನಿಲ್ಲಿಸಿದರು. ಆಗಸ್ಟಸ್ ರೋಮಿನ ಫೋರಮ್ ಎಂಬ ಸಾರ್ವಜನಿಕ ಚೌಕದಲ್ಲಿ ನೆಟ್ಟ ಚಿನ್ನದ ಮೈಲಿಗಲ್ಲಿಗೆ ಸಾಟಿಯಾಗಿ ಇಲ್ಲೂ ದೂರಗಳ ಮೂಲಬಿಂದುವಾದ ಮಿಲಿಯೊನ್ ಎದ್ದಿತು. 332ರಲ್ಲಿ ದಿನಕ್ಕೆ 80,000 ಪಡಿಯ ಲೆಕ್ಕದಲ್ಲಿ ಜನರಿಗೆ ರೊಟ್ಟಿ ಹಂಚತೊಡಗಿದರು. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ನಿರ್ಣಾಯಕವಾದದ್ದು ಕೊನೆಯದು, ಏಕೆಂದರೆ ಆ ರೊಟ್ಟಿಗಾಗಿ ಈಜಿಪ್ಟಿನ ಗೋಧಿಯ ಹಡಗುಗಳು ರೋಮನ್ನು ಬಿಟ್ಟು ಬಾಸ್ಫರಸಿನ ಕಡೆಗೆ ತಿರುಗಿದವು, ರೋಮಿಗೆ ಆಫ್ರಿಕದ ಗೋಧಿಯೇ ಗತಿಯಾಯಿತು. ಇಷ್ಟಾದರೂ ಅರಸ ಅಲ್ಲಿದ್ದನೇ? ಕಾನ್‌ಸ್ಟಂಟೈನ್ 337ರಲ್ಲಿ ಪರ್ಷಿಯದ ಮೇಲೆ ದಂಡೆತ್ತಿ ಹೋಗುವ ಸಿದ್ಧತೆಯಲ್ಲಿರುವಾಗ ನಿಕೊಮೀಡಿಯದ ಬಳಿ ಸತ್ತ. ಅವನ ಮಗ ಎರಡನೆಯ ಕಾನ್‌ಸ್ಟಾಂಟಿಯಸ್ 340ರ ದಶಕವನ್ನು ಹೆಚ್ಚಾಗಿ ಆಂಟಿಯೋಕಿನಲ್ಲಿ ಕಳೆದ. ಆಮೇಲಿನ ಚಕ್ರವರ್ತಿ ವೇಲೆನ್ಸ್ 370ರ ದಶಕದ ಬಹುಪಾಲನ್ನು ಅಲ್ಲೇ ಕಳೆದ. ಐವತ್ತು ವರ್ಷ ಆ 'ರಾಜಧಾನಿ'ಯ ಅರಮನೆ ಹೆಚ್ಚಾಗಿ ಅರಸನ ದಾರಿ ಕಾಯುತ್ತಿತ್ತು.

ಸಾಮಾನ್ಯರ ದಾರಿ ಹೇಗಿತ್ತೆಂದು ನೋಡಲು 333ರಲ್ಲಿ ಬೋರ್ಡೊದಿಂದ ಜೆರುಸಲೇಮಿಗೆ ಹೊರಟ ಅನಾಮಧೇಯ ಯಾತ್ರಿಕನೊಬ್ಬನ ಪಟ್ಟಿ ನಮಗಿದೆ. ಅದರಲ್ಲಿ ವರ್ಣನೆ ಕಡಿಮೆ. ಊರು, ಠಾಣೆ, ಮೈಲಿಗಳ ಸಾಲೇ ಸಾಲು. ಬೋರ್ಡೊದಿಂದ ಕಾನ್‌ಸ್ಟಾಂಟಿನೋಪಲಿಗೆ ಒಟ್ಟು 2,221 ಮೈಲಿ, ಪ್ರಾಣಿ ಬದಲಿಸುವ ಠಾಣೆಗಳು 230, ರಾತ್ರಿ ತಂಗುವ ಠಾಣೆಗಳು 112 ಎಂದು ಅವನು ಮೊತ್ತ ಹಾಕುತ್ತಾನೆ. ರೋಮನ್ ಮೈಲಿ ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ. ಅಂದರೆ ಸುಮಾರು 3,300 ಕಿಲೋಮೀಟರ್, ತಂಗುದಾಣದಿಂದ ತಂಗುದಾಣಕ್ಕೆ ಸರಾಸರಿ ಮೂವತ್ತು ಕಿಲೋಮೀಟರ್. ಈ ಪಟ್ಟಿಯಲ್ಲಿ ನನ್ನ ಗಮನ ಸೆಳೆದದ್ದು ದಾರಿಯ ಆಯ್ಕೆ: ಮಿಲಾನ್, ಅಕ್ವಿಲೇಯ, ಸಿರ್ಮಿಯಮ್, ನಾಯ್ಸಸ್, ಸೆರ್ಡಿಕ, ಕಾನ್‌ಸ್ಟಾಂಟಿನೋಪಲ್. ಸಾಮ್ರಾಜ್ಯದ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಬೆನ್ನೆಲುಬಿನಂಥ ಆ ದಾರಿ ರೋಮನ್ನು ಮುಟ್ಟುವುದೇ ಇಲ್ಲ. ಹೊಸ ಅರಮನೆಗಳೆಲ್ಲ ಏಕೆ ಅಲ್ಲಲ್ಲೇ ಎದ್ದವೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಯಾತ್ರಿಕನು ರೋಮನ್ನು ಕಂಡದ್ದು ಮರಳುವಾಗ, ಬೇರೆ ದಾರಿ ಹಿಡಿದಾಗ.

ಚಕ್ರವರ್ತಿಗೂ ರೋಮ್ ಪ್ರವಾಸಿ ತಾಣವಾಗಿತ್ತು. ಎರಡನೆಯ ಕಾನ್‌ಸ್ಟಾಂಟಿಯಸ್ ಇಪ್ಪತ್ತು ವರ್ಷ ಆಳಿದ ಮೇಲೆ 357ರ ಏಪ್ರಿಲಿನಲ್ಲಿ ಮೊದಲ ಬಾರಿಗೆ ಅಲ್ಲಿಗೆ ಬಂದ. ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸನ ವರ್ಣನೆಯಲ್ಲಿ ಅವನು ರಥದಲ್ಲಿ ಪ್ರತಿಮೆಯಂತೆ ನೆಟ್ಟಗೆ ಕುಳಿತಿದ್ದಾನೆ, ಕತ್ತು ಹೊರಳಿಸುವುದಿಲ್ಲ, ಉಗುಳುವುದಿಲ್ಲ, ಮೂಗು ಉಜ್ಜಿಕೊಳ್ಳುವುದಿಲ್ಲ; ಕುಳ್ಳನಾದರೂ ಎತ್ತರದ ಹೆಬ್ಬಾಗಿಲುಗಳಲ್ಲಿ ತಲೆ ಬಗ್ಗಿಸುತ್ತಾನೆ. ಆದರೆ ಟ್ರೇಜನನ ಫೋರಮ್ ಕಂಡೊಡನೆ ಬೆರಗಾಗಿ, ಇಂಥದ್ದನ್ನು ಕಟ್ಟಿಸುವುದು ತನ್ನಿಂದಾಗದು, ಟ್ರೇಜನನ ಕುದುರೆಯನ್ನಾದರೂ ಅನುಕರಿಸುತ್ತೇನೆ ಎಂದನಂತೆ. ಪಕ್ಕದಲ್ಲಿದ್ದ ಪರ್ಷಿಯದ ರಾಜಕುಮಾರ ಹೊರ್ಮಿಸ್ದಾಸ್, 'ಹಾಗಾದರೆ ಪ್ರಭು, ಮೊದಲು ಇಂಥದೇ ಒಂದು ಲಾಯ ಕಟ್ಟಿಸಿ' ಎಂದ. ಒಂದು ತಿಂಗಳೊಳಗೆ ಡ್ಯಾನ್ಯೂಬ್ ಪ್ರಾಂತಗಳ ಮೇಲೆ ದಾಳಿಯಾದ ಸುದ್ದಿ ಬಂದು ಚಕ್ರವರ್ತಿ ಹೊರಡಬೇಕಾಯಿತು. ಇದೇ ಅಮ್ಮಿಯಾನಸ್ ಇನ್ನೊಂದೆಡೆ, ಬಿಷಪ್ಪರ ಹಿಂಡುಗಳನ್ನು ಸಭೆಯಿಂದ ಸಭೆಗೆ ಸರ್ಕಾರಿ ಗಾಡಿಗಳಲ್ಲಿ ಓಡಾಡಿಸಿ ಕಾನ್‌ಸ್ಟಾಂಟಿಯಸ್ ಅಂಚೆ-ಸಾರಿಗೆಯ ಸೊಂಟವನ್ನೇ ಮುರಿದನೆಂದು ಗೇಲಿ ಮಾಡುತ್ತಾನೆ.

ಆಸ್ಥಾನದ ಹಿಂದೆ ವಿದ್ವಾಂಸರೂ ಹೋದರು. ಬೋರ್ಡೊದ ಮೇಷ್ಟರು ಆಸೋನಿಯಸ್ ಟ್ರಿಯರ್‌ಗೆ ಹೋಗಿ ರಾಜಕುಮಾರ ಗ್ರೇಷಿಯನನಿಗೆ ಕಲಿಸಿ 379ರಲ್ಲಿ ಕಾನ್ಸಲನಾದ. 384ರಲ್ಲಿ ಮಿಲಾನಿಗೆ ಒಬ್ಬ ವಾಕ್ಪಟುತ್ವದ ಉಪಾಧ್ಯಾಯ ಬೇಕಾದಾಗ ಆ ಊರು ರೋಮಿನ ನಗರಾಧಿಕಾರಿ ಸಿಮ್ಮಾಕಸನಿಗೆ ಬರೆಯಿತು. ಅವನು ಆರಿಸಿದ ತರುಣ ಆಫ್ರಿಕದ ಆಗಸ್ಟೀನ್. ಸರ್ಕಾರಿ ಸಾರಿಗೆಯ ರಹದಾರಿಯೂ ತನಗೆ ಸಿಕ್ಕಿತೆಂದು ಆಗಸ್ಟೀನ್ ಮುಂದೆ ನೆನೆದಿದ್ದಾನೆ. ಅದೇ ವರ್ಷ ಸೆನೆಟಿನಲ್ಲಿದ್ದ ವಿಜಯದೇವತೆಯ ಪೀಠವನ್ನು ಮರಳಿ ಇಡಿಸಬೇಕೆಂದು ಸಿಮ್ಮಾಕಸ್ ಬೇಡಿಕೊಂಡದ್ದು ಕೂಡ ಮಿಲಾನಿನ ಆಸ್ಥಾನಕ್ಕೆ. ಅಲ್ಲಿನ ಬಿಷಪ್ ಆಂಬ್ರೋಸ್ ಅರಮನೆಗೆ ಹತ್ತಿರವಿದ್ದ, ಬೇಡಿಕೆ ಬಿದ್ದುಹೋಯಿತು. ದೂರದಿಂದ ಪತ್ರ ಬರೆಯುವವನಿಗಿಂತ ಬಾಗಿಲಲ್ಲಿ ನಿಂತವನ ಮಾತು ನಡೆಯುತ್ತದೆಂಬುದು ಆಸ್ಥಾನಗಳ ಹಳೆಯ ರೀತಿ. ಅರಸ ಬೀಡು ಬದಲಿಸಿದಂತೆ ಚಿನ್ನದ ನಾಣ್ಯದ ಅಚ್ಚೂ ಬದಲಾಗುತ್ತಿತ್ತು: ಟ್ರಿಯರ್‌ನ ನಾಣ್ಯಗಳ ಮೇಲೆ ಆ ಊರಿನ ಹೆಸರಿನ ಎರಡು ಅಕ್ಷರ, ಅನಂತರ ಮಿಲಾನಿನವು, ಅನಂತರ ರವೆನ್ನದವು.

ಮೊದಲನೆಯ ಥಿಯೊಡೋಸಿಯಸ್ 395ರ ಜನವರಿಯಲ್ಲಿ ಮಿಲಾನಿನಲ್ಲಿ ಸತ್ತಾಗ ಪೂರ್ವ ಪಶ್ಚಿಮಗಳನ್ನು ಹಂಚಿಕೊಂಡ ಅವನ ಇಬ್ಬರು ಮಕ್ಕಳು ಸೈನ್ಯದ ಮುಂದೆ ನಡೆಯುವ ವಯಸ್ಸಿನವರೂ ಅಲ್ಲ, ಸ್ವಭಾವದವರೂ ಅಲ್ಲ. ನಾನು ಹೇಳುತ್ತಿದ್ದ ತಿರುವು ಇಲ್ಲಿದೆ. ದಂಡಯಾತ್ರೆಗಳು ದಂಡನಾಯಕರ ಪಾಲಾದವು, ಚಕ್ರವರ್ತಿಗಳು ಅರಮನೆಯಲ್ಲಿ ಉಳಿದರು. ಪೂರ್ವದ ಅರ್ಕಾಡಿಯಸ್ ಬೇಸಿಗೆಗೆ ಅಂಕೀರಕ್ಕೆ (ಇಂದಿನ ಅಂಕಾರ) ಹೋಗಿಬರುವುದನ್ನು ಬಿಟ್ಟರೆ ಕಾನ್‌ಸ್ಟಾಂಟಿನೋಪಲಿನ ಸುತ್ತಮುತ್ತಲೇ ಇದ್ದ. ಮುಂದಿನ ಸುಮಾರು ಇನ್ನೂರು ವರ್ಷ ಅವನ ಉತ್ತರಾಧಿಕಾರಿಗಳು ಬಹುಮಟ್ಟಿಗೆ ಹಾಗೆಯೇ ಇದ್ದರು. ಹಾಗಾಗಿ ಕಾನ್‌ಸ್ಟಾಂಟಿನೋಪಲ್ ನಿಜವಾದ ಅರ್ಥದಲ್ಲಿ ರಾಜಧಾನಿಯಾದದ್ದು ಅದರ ಸ್ಥಾಪಕ ಸತ್ತು ಎರಡು ತಲೆಮಾರು ಕಳೆದ ಮೇಲೆ ಎನ್ನಬೇಕು. ಪಶ್ಚಿಮದ ಹೊನೊರಿಯಸ್ 402ರಲ್ಲಿ ಅಲಾರಿಕನೆಂಬ ನಾಯಕನ ಗಾತ್ ಬುಡಕಟ್ಟಿನವರು ಮಿಲಾನನ್ನು ಮುತ್ತಿದ ಮೇಲೆ ಜೌಗು ನೆಲದ ನಡುವಿನ ರವೆನ್ನಕ್ಕೆ ಸರಿದ. ಹಿಂದಿನವರು ಗಡಿಗೆ ಹತ್ತಿರವಾಗಲು ಊರು ಬದಲಿಸಿದ್ದರು, ಇವನು ಶತ್ರುವಿಗೆ ದೂರವಾಗಲು ಬದಲಿಸಿದ. ಹತ್ತಿರದ ಬಂದರಿನಿಂದ ಬೇಕಾದರೆ ಪೂರ್ವಕ್ಕೆ ಹಡಗು ಹತ್ತಲೂಬಹುದಿತ್ತು. 410ರಲ್ಲಿ ಅಲಾರಿಕನ ಪಡೆ ರೋಮನ್ನು ಕೊಳ್ಳೆ ಹೊಡೆದ ಮೇಲೆ 'ರೋಮ್ ಹೋಯಿತು' ಎಂದು ಸೇವಕ ಬಂದು ಹೇಳಿದಾಗ, ಹೊನೊರಿಯಸ್ ತಾನು ಸಾಕಿದ ರೋಮ ಎಂಬ ಹೆಸರಿನ ಕೋಳಿಯೆಂದು ಭಾವಿಸಿ 'ಈಗಷ್ಟೇ ನನ್ನ ಕೈಯಿಂದ ಕಾಳು ತಿಂದಿತಲ್ಲ' ಎಂದನೆಂಬ ಕಥೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ನಂತರ ಇತಿಹಾಸಕಾರ ಪ್ರೊಕೋಪಿಯಸ್ ಬರೆದ. ಕಥೆ ಕಟ್ಟಿದ್ದೇ ಇರಬೇಕು, ಆದರೆ ಜನ ಅವನನ್ನು ಹೇಗೆ ನೆನಪಿಟ್ಟುಕೊಂಡರೆಂಬುದು ಅದರಲ್ಲಿ ಸರಿಯಾಗಿಯೇ ಇದೆ.

ಗಾಲ್ ನಾಡಿನ ಲಿಯೋನಿನ ಕವಿ ಸಿಡೋನಿಯಸ್ 467ರಲ್ಲಿ ಪಶ್ಚಿಮದ ಚಕ್ರವರ್ತಿ ಆಂಥೆಮಿಯಸನ ಕರೆಯ ಮೇರೆಗೆ ಸರ್ಕಾರಿ ಸಾರಿಗೆಯಲ್ಲಿ ಆಲ್ಪ್ಸ್ ದಾಟಿ, ಪೋ ನದಿಯಲ್ಲಿ ದೋಣಿಯೇರಿ ರವೆನ್ನಕ್ಕೆ ಬಂದ. ಆ ಊರಿನ ಬಗ್ಗೆ ಅವನು ಗೆಳೆಯನಿಗೆ ಬರೆದ ಪತ್ರದಲ್ಲಿ ಎಲ್ಲವೂ ತಿರುಗುಮುರುಗು: ಗೋಡೆಗಳು ಬೀಳುತ್ತವೆ, ನೀರು ನಿಲ್ಲುತ್ತದೆ, ಬದುಕಿದವರಿಗೆ ಬಾಯಾರಿಕೆ, ಹೂಳಿದವರಿಗೆ ಈಜು, ಕಳ್ಳರಿಗೆ ಜಾಗರಣೆ, ಅಧಿಕಾರಿಗಳಿಗೆ ನಿದ್ದೆ. ಆದರೆ ಅವನು ಹೋಗಬೇಕಾದದ್ದು ಅಲ್ಲಿಗಲ್ಲ, ರೋಮಿಗೆ, ಏಕೆಂದರೆ ಆಂಥೆಮಿಯಸ್ ಅಲ್ಲಿದ್ದ. ಪಶ್ಚಿಮದ ಕೊನೆಯ ದಶಕಗಳಲ್ಲಿ ಅರಸರು ಮತ್ತೆ ರೋಮಿಗೆ ಬರತೊಡಗಿದ್ದರೆಂಬುದನ್ನು ರವೆನ್ನದ ಹೆಸರಷ್ಟನ್ನೇ ಹೇಳುವವರು ಮರೆಯುತ್ತಾರೆ. ಚಕ್ರವರ್ತಿ ಮೂರನೆಯ ವ್ಯಾಲೆಂಟಿನಿಯನ್ ಕೊಲೆಯಾದದ್ದು, 455ರಲ್ಲಿ, ರೋಮಿನಲ್ಲೇ. ಅಷ್ಟರೊಳಗೆ ವ್ಯಾಂಡಲರೆಂಬ ಜರ್ಮನಿಕ್ ಬುಡಕಟ್ಟಿನವರು ಉತ್ತರ ಆಫ್ರಿಕದ ಕಾರ್ತೇಜ್ ನಗರವನ್ನು ಹಿಡಿದು ಆಫ್ರಿಕದ ಗೋಧಿಯೂ ತಪ್ಪಿಹೋಗಿ ನಗರ ಕುಗ್ಗುತ್ತಿತ್ತು.

ದಾರಿ ಹಿಡಿದ ಅರಸರ ಪಟ್ಟಿಯಲ್ಲಿ ಇನ್ನೊಬ್ಬನಿದ್ದಾನೆ. ಪೂರ್ವದ ಎರಡನೆಯ ಕಾನ್‌ಸ್ಟನ್ಸ್ ಕಾನ್‌ಸ್ಟಾಂಟಿನೋಪಲನ್ನು ಬಿಟ್ಟು 663ರಲ್ಲಿ ರೋಮಿಗೆ ಬಂದು, ಹನ್ನೆರಡು ದಿನ ಉಳಿದು, ಪ್ಯಾಂಥಿಯನ್ ಚಾವಣಿಯ ಕಂಚಿನ ಹೆಂಚುಗಳನ್ನೂ ಕೀಳಿಸಿಕೊಂಡು ಸಿಸಿಲಿಯ ಸಿರಾಕ್ಯೂಸಿನಲ್ಲಿ ಆಸ್ಥಾನ ಹೂಡಿದ. ಹೆಂಡತಿ ಮಕ್ಕಳನ್ನು ಅಲ್ಲಿಗೆ ಕಳುಹಿಸಿರೆಂದು ಅವನು ಹೇಳಿಕಳುಹಿಸಿದಾಗ ಕಾನ್‌ಸ್ಟಾಂಟಿನೋಪಲಿನವರು ಅವರನ್ನು ಬಿಟ್ಟುಕೊಡಲಿಲ್ಲ. 668ರಲ್ಲಿ ಅವನು ಸಿರಾಕ್ಯೂಸಿನ ಸ್ನಾನಗೃಹದಲ್ಲಿ ಕೊಲೆಯಾದ. ಮಗ ನಾಲ್ಕನೆಯ ಕಾನ್‌ಸ್ಟಂಟೈನ್ ಕಾನ್‌ಸ್ಟಾಂಟಿನೋಪಲಿನಿಂದಲೇ ಆಳಿದ.